ತಳ್ಳಿದವರ ಹಕ್ಕು

ನನ್ನ ಕಾರಿನ ಡಿಕ್ಕಿಯ ಮೇಲೆ, ನಂಬರ್ ಪ್ಲೇಟಿಗಿಂತ ಒಂದು ಗೇಣು ಎತ್ತರದಲ್ಲಿ, ಕೊಬ್ಬರಿ ಎಣ್ಣೆಯ ಅಂಗೈ ಗುರುತೊಂದು ಇರುತ್ತಿತ್ತು. ಸಂಜೆ ಒರೆಸಿದರೆ ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಮೂಡುತ್ತಿತ್ತು. ಅದು ನಮ್ಮ ಕೂಕಟ್‌ಪಲ್ಲಿ ಅಪಾರ್ಟ್‌ಮೆಂಟಿನ ಮೊದಲ ಮಹಡಿಯ ದೇಶಪಾಂಡೆ ಕಾಕಾ ಅವರದು. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಅವರು ಕೈಗೆತ್ತಿಕೊಂಡ ಕೆಲಸವೆಂದರೆ ನಾನು.

ಕಾರು ಸೋದರಮಾವ ಬೇರೆ ಊರಿಗೆ ವರ್ಗವಾದಾಗ ಬಿಟ್ಟುಹೋದದ್ದು. ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕದು. ಅದರ ಸ್ಟಾರ್ಟರ್ ಕೆಟ್ಟಿತ್ತು. ಕೀ ತಿರುಗಿಸಿದರೆ ಟಕ್ ಎಂದು ಒಮ್ಮೆ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಆಗ ಯಾರಾದರೂ ತಳ್ಳಬೇಕು. ತಳ್ಳಿದವರಿಗೆ ಪ್ರಶ್ನೆ ಕೇಳುವ ಹಕ್ಕು ಬರುತ್ತದೆಂದು ಯಾವ ಕಾಯಿದೆಯಲ್ಲಿದೆಯೋ ಕಾಣೆ, ಕಾಕಾ ಮಾತ್ರ ಅದನ್ನು ಒಂದು ದಿನವೂ ತಪ್ಪದೆ ಚಲಾಯಿಸುತ್ತಿದ್ದರು. “ಪಗಾರ ಹೆಚ್ಚ ಮಾಡ್ಯಾರೇನವಾ?” ಎಂಬುದು ಗೇಟಿನವರೆಗೆ. “ಫಾರಿನ್ನಿಗೆ ಯಾವಾಗ ಕಳಸ್ತಾರ?” ಎಂಬುದು ತಿರುವಿನವರೆಗೆ. ಎಂಜಿನ್ ಹಠ ಹಿಡಿದ ದಿನ ಮಾತು ಮದುವೆಯನ್ನೂ ಮುಟ್ಟುತ್ತಿತ್ತು. ಆಫೀಸಿನಲ್ಲಿ ಪಕ್ಕದ ಸೀಟಿನವಳಿಗೂ ಹುಟ್ಟುಹಬ್ಬ ಯಾವತ್ತೆಂದು ಹೇಳದವಳು ನಾನು; ಇಲ್ಲಿ ನನ್ನ ಉತ್ತರಗಳು, ಲಿಫ್ಟ್ ಕೆಟ್ಟಿದ್ದರೂ, ಮಧ್ಯಾಹ್ನದೊಳಗೆ ಎಲ್ಲ ಮಹಡಿಗಳನ್ನು ಹತ್ತಿರುತ್ತಿದ್ದವು.

ವಾಚ್‌ಮನ್ ಸಾಬಣ್ಣ ಯಾದಗಿರಿ ಕಡೆಯವನು. ಒಮ್ಮೆ ಮೆಲ್ಲಗೆ, “ಅಕ್ಕಾರ, ತಳ್ಳಾಂವ ನಾ ರೀ. ಕಾಕಾ ಬರೇ ಕೈ ಇಡ್ತಾರ” ಎಂದ. ನೀನು ಏನೂ ಕೇಳುವುದಿಲ್ಲವಲ್ಲ ಎಂದೆ. “ಕಾಕಾ ಕೇಳ್ತಾರಲ್ರಿ. ನನಗೂ ಅಲ್ಲೇ ಕೇಳಸ್ತೈತಿ.”

ಒಂದು ಶನಿವಾರ ಕಾಕಾ ತಿರುವಿನಲ್ಲಿ ಘೋಷಿಸಿದರು: “ನಮ್ಮ ತಂಗಿ ಮಗ ನಾಳೆ ಬರ್ತಾನವಾ. ಸಾಫ್ಟ್‌ವೇರ್ ಹುಡುಗ, ಹೊಸಾ ಕಾರ್ ತಗೊಂಡಾನ. ಸೋಮವಾರ ನಿನ್ನ ಗಾಡಿ ಅವನೇ ತಳ್ತಾನ. ಹಂಗ ಮಾತಾಡಿದಂಗೂ ಆಗ್ತದ.”

ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ಕೊಡುವುದನ್ನು ಕೇಳಿದ್ದೆ. ಹೆಣ್ಣು ಸ್ಟಿಯರಿಂಗ್ ಹಿಡಿದು ಕೂತು, ವರ ಹಿಂದಿನಿಂದ ತಳ್ಳುವ ಶಾಸ್ತ್ರ ಹೊಸದು. ಸೋಮವಾರದೊಳಗೆ ಸ್ಟಾರ್ಟರ್ ಬದಲಾಗಲೇಬೇಕಿತ್ತು. ಮೆಕ್ಯಾನಿಕ್ಕಿನ ಬಳಿ ಹೋಗಬೇಕಾದರೆ ಕಾರು ತಳ್ಳಿಸಬೇಕು. ಅವನನ್ನೇ ಕರೆಸಿದರೆ ಕಾಕಾ ಅವನ ಮದುವೆಯನ್ನೂ ವಿಚಾರಿಸುತ್ತಾರೆ. ಬಸ್ಸು ಹತ್ತಿ ಮೆಹದಿಪಟ್ಟಣದ ಬಿಡಿಭಾಗಗಳ ಅಂಗಡಿಗೆ ಹೋಗಿ ಸ್ಟಾರ್ಟರ್ ತಂದೆ.

ಭಾನುವಾರ ಮಧ್ಯಾಹ್ನ ಬಾನೆಟ್ ಎತ್ತಿ, ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ. ಅಷ್ಟರಲ್ಲಿ ಬಿಳಿಯ ಹೊಸ ಕಾರು ಬಂದು ಪಕ್ಕದಲ್ಲೇ ನಿಂತಿತು. ತಂಗಿಯ ಮಗ ಊಟಕ್ಕೆ ಹೋದ. ಕಾಕಾ ಅವನ ಕಾರಿನಲ್ಲಿ ಕೂತು, ಬಾಗಿಲು ತೆರೆದು, ಭಜನೆ ಹಾಕಿ ನನ್ನ ಮೇಲ್ವಿಚಾರಣೆಗೆ ತೊಡಗಿದರು. “ಎಡಕ್ಕ ತಿರುವವಾ. ಹೆಣ್ಮಕ್ಕಳ ಕೈಗೆ ಬೋಲ್ಟ್ ಬಗ್ಗಂಗಿಲ್ಲ.” ಕೆಳಗಿನ ಬೋಲ್ಟು ಅವರ ಪಕ್ಷ ವಹಿಸಿತು. ಅದು ಜಗ್ಗುವ ಹೊತ್ತಿಗೆ ಕತ್ತಲಾಗಿತ್ತು. ನನಗೆ ಕಾಣಲೆಂದು ಕಾಕಾ ಹೊಸ ಕಾರಿನ ಹೆಡ್‌ಲೈಟ್ ಹಾಕಿದರು. ಭಜನೆ, ಸಲಹೆ ಎರಡೂ ಮುಂದುವರಿದವು. ಕೊನೆಗೆ ಹೊಸ ಸ್ಟಾರ್ಟರ್ ಕೂರಿಸಿ, ತಂತಿ ಜೋಡಿಸಿ ಕೀ ತಿರುಗಿಸಿದೆ. ಎಂಜಿನ್ ಶುರುವಾಯಿತು.

“ಚಾಲೂ ಆತಲ್ಲ” ಎಂದರು ಕಾಕಾ, ಪಿಂಚಣಿ ನಿಂತವರ ಧ್ವನಿಯಲ್ಲಿ.

ಸೋಮವಾರ ಬೆಳಿಗ್ಗೆ ನನ್ನ ಕಾರು ಒಂದೇ ಸಲಕ್ಕೆ ಶುರುವಾಯಿತು. ಪಕ್ಕದ ಹೊಸ ಕಾರು ಟಕ್ ಎಂದೂ ಅನ್ನಲಿಲ್ಲ; ಅದರ ಬ್ಯಾಟರಿಯನ್ನು ಭಜನೆಯೂ ನನ್ನ ಬೋಲ್ಟೂ ಸೇರಿ ಮುಗಿಸಿದ್ದವು. ಇಸ್ತ್ರಿ ಶರ್ಟಿನ ತಂಗಿಯ ಮಗ ಸ್ಟಿಯರಿಂಗ್ ಹಿಡಿದು ಪೆಚ್ಚಾಗಿ ಕೂತಿದ್ದ. ನಾವಿಬ್ಬರೇ ಇರಲೆಂದು ಕಾಕಾ ಮೊದಲೇ ಸಾಬಣ್ಣನನ್ನು ಹಾಲು ತರಲು ಅಟ್ಟಿ, ತಾವು ಬಾಲ್ಕನಿಗೆ ಸೇರಿದ್ದರು.

ನಾನು ಹೊರಟುಬಿಡಬಹುದಿತ್ತು. ಅದಕ್ಕೆಂದೇ ಅಷ್ಟು ಕಷ್ಟಪಟ್ಟಿದ್ದೆ. ಆದರೆ ಕಾರು ಆರಿಸಿ, ಇಳಿದು, ಅವನ ಕಾರನ್ನು ತಳ್ಳಿದೆ. ಕೈಯ ಗ್ರೀಸ್ ಪೂರ್ತಿ ಹೋಗಿರಲಿಲ್ಲ. ಬಿಳಿ ಡಿಕ್ಕಿಯ ಮೇಲೆ ಎರಡು ಅಂಗೈ ಮೂಡಿದವು. ಗೇಟು ದಾಟಿತು. ತಿರುವು ಬಂದಾಗ, “ಫಾರಿನ್ನಿಗೆ ಯಾವಾಗ ಕಳಿಸ್ತಾರೆ?” ಎಂದು ಯಾರೋ ಕೇಳಿದರು. ಧ್ವನಿ ನನ್ನದೇ.

“ಎಲ್ಲೀ ಫಾರಿನ್ ರೀ, ಪ್ರಾಜೆಕ್ಟ್ ಇಲ್ದ ಬೆಂಚ್ ಮ್ಯಾಲ ಕೂಡ್ಸ್ಯಾರ” ಎಂದ ಅವನು ಕಿಟಕಿಯಿಂದ. “ಮಾಮಾಗ ಹೇಳಬ್ಯಾಡ್ರಿ.”

ಎಂಜಿನ್ ಇನ್ನೇನು ಶುರುವಾಗುವುದರಲ್ಲಿತ್ತು. ನಾನು ತಳ್ಳುವುದನ್ನು ಸ್ವಲ್ಪ ನಿಧಾನಿಸಿದೆ. ಎಂಜಿನ್ ಹಠ ಹಿಡಿದ ದಿನದ ಪ್ರಶ್ನೆ ಇನ್ನೂ ಉಳಿದಿತ್ತು.