ಮೊದಲು ಲೇಪ, ಆಮೇಲೆ ಚಹಾ

ಭೌತಶಾಸ್ತ್ರದಲ್ಲಿ ಎಲ್ಲಕ್ಕೂ ನಿಯಮವಿದೆ. ಪಿಎಚ್‌ಡಿ ವಿದ್ಯಾರ್ಥಿಗಳ ಮನೆಯವರಿಗೆ ಮಾತ್ರ ಯಾವ ನಿಯಮವೂ ಇಲ್ಲ. ಚಿತ್ರದುರ್ಗದ ನಮ್ಮ ವಿಭಾಗದಲ್ಲಿ ಇದು ಆಗಾಗ ರುಜುವಾತಾಗುತ್ತಲೇ ಇರುತ್ತದೆ.

೧. ಐದು ವರ್ಷ

ಹೊಳಲ್ಕೆರೆಯ ಹುಡುಗಿಯೊಬ್ಬಳು ಪಿಎಚ್‌ಡಿಗೆ ಅರ್ಜಿ ಹಾಕಿದಳು. ತಂದೆ ತಾಮ್ರದ ಪಾತ್ರೆಗಳಿಗೆ ತವರದ ಕಲಾಯಿ ಹಾಕುವವರು. ನಮ್ಮಲ್ಲಿ ಅದುವರೆಗೆ ಒಬ್ಬ ಮುಸ್ಲಿಂ ಹುಡುಗಿಯೂ ಪಿಎಚ್‌ಡಿ ಮಾಡಿರಲಿಲ್ಲ. ಹೇಗಾದರೂ ಇವಳನ್ನು ದಡ ಮುಟ್ಟಿಸಬೇಕೆಂದು ಗೈಡ್ ಆದ ನನಗೆ ಹಟ.

ಒಪ್ಪುವ ಮೊದಲು ಲ್ಯಾಬ್ ನೋಡಬೇಕೆಂದು ತಂದೆ ಬಂದರು. ತಾಮ್ರದ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕೂರಿಸುವ ಕೆಲಸ, ಐದು ವರ್ಷ ಹಿಡಿಯುತ್ತದೆ ಎಂದೆ. ಸೇರಿಸುವುದೇನೋ ಸೇರಿಸಿದರು. ಹೋಗುವಾಗ ನನ್ನನ್ನು ಕನಿಕರದಿಂದ ನೋಡಿದರು.

"ಐದು ವರ್ಷನಾ? ನಾನು ಒಂದು ಹಂಡೆಗೆ ಅರ್ಧ ಗಂಟೆಯಾಗೆ ಹಾಕ್ತೀನಿ, ಮೇಡಂ."

೨. ನಿಲ್ಲದ ಪದರ

ಎರಡನೇ ವರ್ಷವೂ ಪದರ ಸಿಪ್ಪೆಯಂತೆ ಏಳುತ್ತಿತ್ತು. ಯಂತ್ರವನ್ನು ಬೈದೆವು, ಕರೆಂಟನ್ನು ಬೈದೆವು. ಬಿಟ್ಟುಬಿಡುತ್ತೇನೆಂದು ಹುಡುಗಿ ಅತ್ತಳು. ಅವಳನ್ನು ಕರೆದೊಯ್ಯಲು ಬಂದ ತಂದೆ ತಗಡನ್ನು ಬೆಳಕಿಗೆ ಹಿಡಿದರು.

"ತೊಳೆದ ತಾಮ್ರ ಯಾರಿಗೂ ಕಾಯಲ್ಲ, ಗಾಳಿಗೆ ಮಬ್ಬಾಗ್ತೈತೆ. ತೊಳೆದು ಲೇಪ ಹಾಕೋ ನಡುವೆ ನೀವು ಚಾ ಕುಡಿಯಾಕೆ ಹೋಗಿರ್ತೀರಿ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ದಿನಾ ಹೋಗುತ್ತಿದ್ದೆವು. ಮರುದಿನ ಚಹಾ ಬಿಟ್ಟೆವು, ಪದರ ಕಚ್ಚಿ ಕೂತಿತು. ಪ್ರಬಂಧದಲ್ಲಿ ಇದಕ್ಕೆ ಹನ್ನೊಂದು ಪುಟ, ಆರು ನಕ್ಷೆ. ತಾತ್ಪರ್ಯ ಇಷ್ಟೇ: ಮೊದಲು ಲೇಪ, ಆಮೇಲೆ ಚಹಾ.

೩. ಸಭಿಕರ ಪ್ರಶ್ನೆ

ಕೊನೆಯ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ಹೊಳಲ್ಕೆರೆಯಿಂದ ಎರಡು ಟೆಂಪೊ ತುಂಬ ಜನ ಬಂದರು. ಹೊರಗಿನಿಂದ ಬಂದ ಪರೀಕ್ಷಕರು ಒಂದೂವರೆ ಗಂಟೆ ಜಾಲಾಡಿದರು. ಹುಡುಗಿ ಅರಳು ಹುರಿದಂತೆ ಉತ್ತರಿಸಿದಳು. ಕೊನೆಗೆ ಅವರು ಶಾಸ್ತ್ರಕ್ಕೆಂದು, ಸಭಿಕರದೇನಾದರೂ ಪ್ರಶ್ನೆಯಿದೆಯೇ ಎಂದರು. ಯಾರೂ ಕೇಳುವ ವಾಡಿಕೆಯಿಲ್ಲ. ಹಿಂದಿನ ಸಾಲಿನಲ್ಲಿ ತಂದೆ ಎದ್ದು ನಿಂತರು.

"ಈ ಪದರ ಎಷ್ಟು ವರ್ಷ ಬಾಳ್ತೈತಮ್ಮ?"

ಹುಡುಗಿ ಮೊದಲ ಸಲ ತಡವರಿಸಿದಳು. "ಅದಿನ್ನೂ ಗೊತ್ತಿಲ್ಲ, ಅಬ್ಬಾ."

ಇವತ್ತಿನ ಅತ್ಯುತ್ತಮ ಪ್ರಶ್ನೆ ಇದೇ, ಇದಕ್ಕೆ ಇನ್ನೊಂದು ಪಿಎಚ್‌ಡಿಯೇ ಬೇಕು ಎಂದು ಪರೀಕ್ಷಕರು ನಕ್ಕು, ಹುಡುಗಿಯನ್ನು ಡಾಕ್ಟರ್ ಎಂದು ಕರೆದೇಬಿಟ್ಟರು. ಎರಡು ಟೆಂಪೊ ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಗೆದ್ದೆವಲ್ಲ ಎಂದು ನನಗೆ ಕಣ್ಣು ತುಂಬಿತು. ತಂದೆ ಮಾತ್ರ ಇನ್ನೂ ಕೂತಿರಲಿಲ್ಲ. ಎಂಎಸ್ಸಿ ಓದುತ್ತಿದ್ದ ಕಿರಿಮಗಳನ್ನು ಪಕ್ಕದ ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದರು.

"ಹಂಗಾದ್ರೆ ಇವಳ ಹೆಸರು ಬರ್ಕಳ್ರಿ, ಮೇಡಂ. ಇವಳು ಚಾ ಕುಡಿಯಲ್ಲ."