ಸ್ವಿಚ್ಚಪ್ಪನ ಒಂಬತ್ತು ಯೂನಿಟ್ಟು

ಬೀದಿಯ ಹತ್ತೂ ಮನೆಗಳ ಮೇಲೆ ಸೋಲಾರ್ ಕೂರಿಸುವ ಯೋಜನೆಗೆ ಅಡ್ಡ ಬಂದದ್ದು ಮರದ ನೆರಳೂ ಅಲ್ಲ, ಮೋಡವೂ ಅಲ್ಲ, ಸ್ವಿಚ್ಚಪ್ಪನ ಜಿಪುಣತನ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಬೀದಿಯವರು ಮರೆತು ಬಹಳ ಕಾಲವಾಗಿತ್ತು. ಪುಸ್ತಕಗಳಿಗೆ ರಟ್ಟು ಹಾಕಿ ಬೈಂಡ್ ಮಾಡುವುದು ಅವನ ಕಸುಬು. ಕಿಟಕಿಯಲ್ಲಿ ಬೆಳಕು ಬಿದ್ದರೆ ಕೆಲಸ, ಬೆಳಕು ಹೋದರೆ ನಿದ್ದೆ. ಹೆಂಡತಿ ಅಡುಗೆಮನೆಯಿಂದ ಈಚೆ ಕಾಲಿಡುವುದರೊಳಗೆ ಹಿಂದಿನಿಂದ ಟಕ್ ಎಂದು ದೀಪ ಆರುತ್ತಿತ್ತು. ಒಮ್ಮೆ ನೆಂಟರ ಮನೆಯಲ್ಲಿ, ಊಟಕ್ಕೆ ಕೂತವರ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಕೂಡ ಅಭ್ಯಾಸಬಲದಿಂದ ಆರಿಸಿ, ಕೈ ತೊಳೆಯಲು ಹೋಗಿದ್ದ.

ಅಂಥವನೂ ಸೋಲಾರಿಗೆ ತಲೆಯಾಡಿಸಿದ್ದ. ಹತ್ತು ಮನೆಯವರು ಒಟ್ಟಾಗಿ ಅರ್ಜಿ ಹಾಕಿದರೆ ಖರ್ಚಿನ ಐದು ಪಾಲಿನಲ್ಲಿ ನಾಲ್ಕು ಪಾಲು ಯೋಜನೆಯವರದು. ಒಂಬತ್ತೇ ಮನೆಯಾದರೆ ಯಾರಿಗೂ ಇಲ್ಲ. ಜೊತೆಗೆ ಹೆಂಡತಿಯ ಎಚ್ಚರಿಕೆಯೂ ಇತ್ತು. "ಇಪ್ಪತ್ತಾರು ವರ್ಷ ಬೀಸಣಿಗೆ ಬೀಸಿ ಬೀಸಿ ನನ್ನ ತೋಳು ಸೋತಿದೆ. ಈ ಸಲವೂ ಫ್ಯಾನ್ ತಿರುಗದಿದ್ದರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ನೀವು ನಿಮ್ಮ ಮೀಟರಿನ ಜೊತೆ ಸಂಸಾರ ಮಾಡಿ."

ಸ್ವಿಚ್ಚಪ್ಪನಿಗೆ ಹೆಂಡತಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅವಳು ಸೆಖೆಗೆ ಒದ್ದಾಡುವುದನ್ನು ನೋಡಿದರೆ ಅವನಿಗೂ ಸಂಕಟವಾಗುತ್ತಿತ್ತು. ಆದರೆ ಮೀಟರಿನ ಚಕ್ರ ತಿರುಗುವುದನ್ನು ನೋಡಿದರೆ ಇನ್ನೂ ಹೆಚ್ಚು ಸಂಕಟವಾಗುತ್ತಿತ್ತು. ಬಿಸಿಲಿನ ಕರೆಂಟಿಗೆ ಆ ಸಂಕಟವಿಲ್ಲ ಎಂದು ಅವನು ಒಪ್ಪಿದ್ದ.

ಯೋಜನೆಯವರು ಮನೆಗಳ ಪರಿಶೀಲನೆಗೆ ಬರುವ ದಿನ ಬೆಳಿಗ್ಗೆ ಎಂಟಕ್ಕೆ ಬೀದಿ ಸಂಘದ ಕಾರ್ಯದರ್ಶಿಯಾದ ನಿವೃತ್ತ ಮೇಷ್ಟ್ರು ಓಡಿಬಂದರು. ಕೈಯಲ್ಲಿ ಕಾಗದ, ಮುಖದಲ್ಲಿ ಬೆವರು.

"ಏನಪ್ಪಾ, ನೀನು ಬದುಕಿದ್ದೀಯೋ ಇಲ್ವೋ?"

"ಯಾಕೆ ಮೇಷ್ಟ್ರೇ, ಕಣ್ಣೆದುರಿಗೇ ನಿಂತಿದ್ದೀನಲ್ಲ?"

"ಕಣ್ಣಿಗೆ ಕಂಡರೆ ಆಗಲ್ಲ, ಮೀಟರಿನಲ್ಲಿ ಕಾಣಬೇಕು! ತಿಂಗಳಿಗೆ ಮೂವತ್ತು ಯೂನಿಟ್ಟಿಗಿಂತ ಕಡಿಮೆ ಇದ್ದರೆ ಖಾಲಿ ಮನೆ ಅಂತ ಲೆಕ್ಕವಂತೆ. ಖಾಲಿ ಮನೆಗೆ ಸೋಲಾರ್ ಇಲ್ಲ. ನಿಂದು ಎಷ್ಟಾಗಿದೆ?"

ಸ್ವಿಚ್ಚಪ್ಪ ಎದೆಯುಬ್ಬಿಸಿ ಹೇಳಿದ, "ಇಪ್ಪತ್ತೊಂದು."

ಜೀವನದಲ್ಲಿ ಮೊದಲ ಸಲ ಆ ಅಂಕಿಗೆ ಯಾರೂ ಭೇಷ್ ಎನ್ನಲಿಲ್ಲ. ಮೇಷ್ಟ್ರು ಜಗಲಿಯ ಮೇಲೆ ಕುಸಿದು ಕುಳಿತರು. ತಿಂಗಳ ಕೊನೆಯ ದಿನ ಅದು. ಸಂಜೆ ನಾಲ್ಕಕ್ಕೆ ಅಧಿಕಾರಿ ಬರುತ್ತಾರೆ. ಅಷ್ಟರೊಳಗೆ ಒಂಬತ್ತು ಯೂನಿಟ್ಟು ಉರಿಯಬೇಕು. ಮನೆಯಲ್ಲಿರುವುದೋ ನಾಲ್ಕು ಬಲ್ಬು, ಒಂದು ಫ್ಯಾನು. ಎಲ್ಲವನ್ನೂ ಹಾಕಿ ಅರ್ಧ ಗಂಟೆ ಕಾದರು. ಮೀಟರಿನ ಚಕ್ರ ಮದುವೆ ಮನೆಗೆ ಹೊರಟ ಹೆಂಗಸಿನಂತೆ ಅವಸರವೇ ಇಲ್ಲದೆ ತಿರುಗಿತು.

"ಇದು ಆಗೋ ಹೋಗೋ ಮಾತಲ್ಲ," ಎಂದು ಮೇಷ್ಟ್ರು ಬೀದಿಗಿಳಿದು ಚಪ್ಪಾಳೆ ತಟ್ಟಿದರು. "ಎಲ್ಲರೂ ನಿಮ್ಮ ನಿಮ್ಮ ಕರೆಂಟಿನ ಸಾಮಾನು ತಗೊಂಡು ಸ್ವಿಚ್ಚಪ್ಪನ ಮನೆಗೆ ಬನ್ನಿ!"

ಮೊದಲು ಬಂದವನು ಇಸ್ತ್ರಿಯವನು. ಬಟ್ಟೆಯ ಗಂಟನ್ನು ಬೈಂಡಿಂಗ್ ಮೇಜಿನ ಮೇಲೆ ಕೆಡವಿ, "ಅಣ್ಣಾ, ಸ್ವಲ್ಪ ಪುಸ್ತಕ ಆ ಕಡೆ ಇಟ್ಕೋ. ನನ್ನದು ಗಂಟೆಗೆ ಒಂದು ಯೂನಿಟ್ಟು ಗ್ಯಾರಂಟಿ," ಎಂದ. ಅವನ ಹಿಂದೆ ಮೂಲೆಮನೆಯ ಅಜ್ಜಿ ನೀರು ಕಾಯಿಸುವ ಕಾಯಿಲು, ಬಕೆಟ್ಟು, ಟವೆಲ್ಲು ಸಮೇತ ಬಂದು ನೇರ ಬಚ್ಚಲಿಗೆ ನಡೆದಳು. "ಬಿಸಿನೀರು ಸುಮ್ಮನೆ ಚೆಲ್ಲಬಾರದಪ್ಪ. ಕಾಯಿಸಿದ ಮೇಲೆ ಯಾರಾದರೂ ಸ್ನಾನ ಮಾಡಲೇಬೇಕು." ಹತ್ತು ಗಂಟೆಯ ಹೊತ್ತಿಗೆ ಬಚ್ಚಲ ಮುಂದೆ ಸೋಪಿನ ಡಬ್ಬಿ ಹಿಡಿದ ಐದು ಜನರ ಸಾಲು.

ಸ್ವಿಚ್ಚಪ್ಪ ಮೀಟರಿನ ಕೆಳಗೆ ಸ್ಟೂಲು ಹಾಕಿಕೊಂಡು ಕುಳಿತ. ಚಕ್ರ ಈಗ ಗಿರಗಿರನೆ ತಿರುಗುತ್ತಿತ್ತು. ಪ್ರತಿ ಸುತ್ತಿಗೂ ಅವನು ಬೆರಳು ಮಡಿಚಿ ಪೈಸೆಯ ಲೆಕ್ಕ ಹಾಕುತ್ತಿದ್ದ. ಎರಡು ಸಲ ತಾನೇ ಎದ್ದು ಹೋಗಿ ಇಸ್ತ್ರಿಯ ಸ್ವಿಚ್ಚು ಆರಿಸಿ ಬಂದ. ಎರಡು ಸಲವೂ ಹೆಂಡತಿ ಹಾಕಿದಳು. ಮೂರನೆಯ ಸಲ ಎದ್ದಾಗ ಮೇಷ್ಟ್ರು ಅವನ ಎರಡೂ ಕೈಗೆ ಅಂಟಿನ ಡಬ್ಬಿ ಕೊಟ್ಟು, "ಇದನ್ನ ಕೆಳಗಿಡಬೇಡ," ಎಂದರು.

ಹನ್ನೆರಡಕ್ಕೆ ಕ್ಷೌರದಂಗಡಿಯವನು ಕೂದಲು ಒಣಗಿಸುವ ಯಂತ್ರದೊಂದಿಗೆ ಬಂದ. ಸ್ನಾನ ಮುಗಿಸಿದವರು ತಲೆ ಒದ್ದೆ ಮಾಡಿಕೊಂಡು ಕುಳಿತೇ ಇದ್ದರು. ಅಜ್ಜಿಯ ತಲೆಗೆ ಯಂತ್ರ ಹಿಡಿದದ್ದೇ ತಡ, ಬಿಸಿಗಾಳಿ ಬುಸ್ಸೆಂದು ಮೇಜಿನ ಕಡೆ ನುಗ್ಗಿತು. ಹೊಲಿಗೆಗೆಂದು ಜೋಡಿಸಿಟ್ಟಿದ್ದ ಮುನ್ನೂರು ಹಾಳೆಗಳು ಹಾರಿ, ಕೆಲವು ಬಕೆಟ್ಟಿಗೆ, ಕೆಲವು ಇಸ್ತ್ರಿಯ ಕೆಳಗೆ ಬಿದ್ದವು, ಒಂದು ಅಜ್ಜಿಯ ಒದ್ದೆ ಕೂದಲಿಗೆ ಅಂಟಿಕೊಂಡಿತು.

"ಅಯ್ಯಯ್ಯೋ, ವಕೀಲರ ಪುಸ್ತಕ!" ಎಂದು ಸ್ವಿಚ್ಚಪ್ಪ ಕೈಯಲ್ಲಿದ್ದ ಅಂಟನ್ನು ಮರೆತು ಹಾಳೆಗಳ ಮೇಲೆ ಬಿದ್ದ. ಎದ್ದಾಗ ಅಂಗಿಯ ಮೇಲೆ ನೂರಾ ಹನ್ನೆರಡನೆಯ ಪುಟವಿತ್ತು.

"ಬಿಡಣ್ಣಾ, ಇಸ್ತ್ರಿ ಮಾಡಿ ಕೊಡ್ತೀನಿ," ಎಂದು ಇಸ್ತ್ರಿಯವನು ಸಮಾಧಾನ ಹೇಳಿದ. "ಅದಕ್ಕೂ ಕರೆಂಟು ಬೇಕಲ್ಲ, ಒಳ್ಳೆಯದೇ ಆಯ್ತು."

ಮೂರೂ ಮುಕ್ಕಾಲಿಗೆ ಮೀಟರು ಮೂವತ್ತು ದಾಟಿತು. ಬೀದಿಗೆ ಬೀದಿಯೇ ಹೋ ಎಂದು ಕೂಗಿತು. ಹೆಂಡತಿ ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತು, ಮುಂಗುರುಳು ಹಾರುವುದನ್ನು ತಾನೇ ಕಣ್ಣೆತ್ತಿ ನೋಡುತ್ತಿದ್ದಳು. ಅದನ್ನು ಕಂಡು ಸ್ವಿಚ್ಚಪ್ಪನಿಗೆ ಅಷ್ಟು ಹೊತ್ತಿನ ಪೈಸೆಯ ಲೆಕ್ಕ ಮರೆತು ನಿಜವಾಗಿ ಸಂತೋಷವಾಯಿತು.

ಯಾರಿಗೂ ಸಾಮಾನು ಎತ್ತಿಕೊಂಡು ಹೋಗುವ ನೆನಪೇ ಆಗಲಿಲ್ಲ. ಅಧಿಕಾರಿ ಹತ್ತು ನಿಮಿಷ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ಅವರು ಮೀಟರು ನೋಡಿದರು. ಮೂವತ್ತು ಎಂದು ಬರೆದುಕೊಂಡರು. ಆಮೇಲೆ ಇಸ್ತ್ರಿ ನೋಡಿದರು, ಬಕೆಟ್ಟು ನೋಡಿದರು, ಅಜ್ಜಿಯ ಅರ್ಧ ಒಣಗಿದ ತಲೆ ನೋಡಿದರು. "ಏನ್ರೀ ಇದು? ಇವರೆಲ್ಲ ಯಾರು? ಇವತ್ತು ನಾನು ಬರ್ತೀನಿ ಅಂತ ಮೀಟರ್ ಓಡಿಸ್ತಿದ್ದೀರಾ?"

ಮೇಷ್ಟ್ರು ಅಜ್ಜಿಯ ಬೆನ್ನ ಹಿಂದೆ ಸರಿದರು. ಎಲ್ಲರೂ ಸ್ವಿಚ್ಚಪ್ಪನ ಕಡೆ ನೋಡಿದರು. ಸ್ವಿಚ್ಚಪ್ಪ ಫ್ಯಾನಿನ ಕಡೆ ನೋಡಿದ. ಹುಟ್ಟಿದಾಗಿನಿಂದ ಉಳಿತಾಯ ಮಾಡಿದ್ದ ಸುಳ್ಳನ್ನೆಲ್ಲ ಅವನು ಒಮ್ಮೆಗೇ ಖರ್ಚು ಮಾಡಿದ.

"ಛೆ ಛೆ, ಇವತ್ತಿಂದಲ್ಲ ಸಾರ್! ನಮ್ಮ ಬೀದೀಲಿ ಮೊದಲಿಂದಲೂ ಹೀಗೇ. ನನ್ನ ಮನೆ, ಅವರ ಮನೆ ಅಂತ ಭೇದವೇ ಇಲ್ಲ. ಇಸ್ತ್ರಿ ಇಲ್ಲೇ, ಸ್ನಾನ ಇಲ್ಲೇ. ಇವರು ಒಂದು ದಿನ ಬರದಿದ್ದರೆ ನನಗೆ ಊಟ ಸೇರಲ್ಲ."

ಅಧಿಕಾರಿಯ ಹುಬ್ಬು ಇಳಿಯಿತು. ಕಣ್ಣು ತೇವವಾಯಿತು. ಅವರು ಸ್ವಿಚ್ಚಪ್ಪನ ಅಂಟುಗೈಯನ್ನು ಹಿಡಿದು ಕುಲುಕಿ, ಬಿಡಿಸಿಕೊಳ್ಳಲು ಸ್ವಲ್ಪ ಕಷ್ಟಪಟ್ಟರು.

"ಹನ್ನೊಂದು ವರ್ಷದಿಂದ ಇಂಥ ಬೀದಿ ಹುಡುಕ್ತಿದ್ದೀನಿ ಕಣ್ರೀ! ಹಂಚಿಕೊಂಡು ಬದುಕೋರಿಗೆ ಅಂತಲೇ ನಮ್ಮಲ್ಲಿ ಇನ್ನೊಂದು ಯೋಜನೆ ಇದೆ. ಮನೆಗೊಂದು ಬೇಡ, ಬೀದಿಗೊಂದು. ಹತ್ತು ಮನೆಯ ಸೋಲಾರ್ ಫಲಕವೂ ಒಂದೇ ಮನೆಯ ಮೇಲೆ, ಇದೇ ಮನೆಯ ಮೇಲೆ. ಯಾರೂ ಕೈಯಿಂದ ಬಿಡಿಗಾಸು ಹಾಕಬೇಕಾಗಿಲ್ಲ. ಏನಂತೀರಿ?"

ಬಿಡಿಗಾಸು ಬೇಡ ಎಂದದ್ದೇ ತಡ, ಮೇಷ್ಟ್ರು ಅಜ್ಜಿಯ ಬೆನ್ನ ಹಿಂದಿನಿಂದ ಮುಂದೆ ಬಂದರು. ಒಂಬತ್ತು ಮನೆಯವರೂ ಅಲ್ಲೇ ಸಹಿ ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಿ, "ನಾಳೆಯಿಂದ ಸೋಪು ಇಲ್ಲೇ ಬಿಟ್ಟು ಹೋಗ್ತೀನಿ," ಎಂದಳು. ಊಟ ಸೇರಲ್ಲ ಎಂದ ಬಾಯಿಂದ ಬೇಡ ಎನ್ನುವುದು ಹೇಗೆ? ಸ್ವಿಚ್ಚಪ್ಪನೂ ಸಹಿ ಹಾಕಿದ.

ಜನ ಚದುರಿದ ಮೇಲೆ ಅಧಿಕಾರಿ ಬಿಟ್ಟುಹೋದ ನಿಯಮಗಳ ಹಾಳೆಯನ್ನು ಹೆಂಡತಿ ಓದಿದಳು. ಮನೆಗೆ ದಿನಕ್ಕೊಂದು ಗಂಟೆ ಸರದಿ, ಬೆಳಿಗ್ಗೆ ಒಂಬತ್ತರಿಂದ. ಸರದಿಯವರು ಫಲಕವಿರುವ ಮನೆಗೇ ಬಂದು ಕರೆಂಟು ಬಳಸಬೇಕು. ಬಾಗಿಲು ತೆಗೆದಿಡುವುದು, ಫಲಕ ಒರೆಸುವುದು ಆ ಮನೆಯ ಯಜಮಾನನ ಹೊಣೆ. ಪಕ್ಷಪಾತ ಆಗಬಾರದೆಂದು ಯಜಮಾನನ ಸರದಿ ಎಲ್ಲರಿಗಿಂತ ಕೊನೆಗೆ.

ಅವಳು ಬೆರಳು ಮಡಿಚಿ ಎಣಿಸಿದಳು. "ನಮ್ಮದು ಸಂಜೆ ಆರರಿಂದ ಏಳು. ಬಿಸಿಲು ಇರತ್ತೇನ್ರೀ ಆಗ?"

ಸ್ವಿಚ್ಚಪ್ಪ ಎದ್ದು ಹೋಗಿ ಫ್ಯಾನು ಆರಿಸಿದ.

ಹೆಂಡತಿ ಒಳಗೆ ಹೋಗಿ ಬಟ್ಟೆಯ ಚೀಲ ತುಂಬಿಕೊಂಡು ಬಂದಳು.

"ಅಕ್ಕನ ಮನೆಗಾ?" ಎಂದು ಅವನು ಹೆದರುತ್ತ ಕೇಳಿದ.

"ಅಷ್ಟು ದೂರ ಯಾಕೆ? ಮೂಲೆಮನೆ ಅಜ್ಜಿ ಹತ್ತಿರ ಒಂದು ಕೋಣೆ ಖಾಲಿ ಇದೆಯಂತೆ. ಅಲ್ಲಿದ್ದರೆ ದಿನಾ ಮಧ್ಯಾಹ್ನ ಅಜ್ಜಿಯ ಸರದಿಗೆ ನಿಮ್ಮನೆಗೆ ಬಂದು ಒಂದು ಗಂಟೆ ಫ್ಯಾನ್ ಹಾಕಿಕೊಳ್ಳಬಹುದು. ಬಾಗಿಲು ಮಾತ್ರ ತೆಗೆದಿಟ್ಟಿರಿ."