ಈ ಪುಸ್ತಕ ನನಗ್ಯಾಕೆ ಕೊಟ್ರಿ?

ಯಾರಿಗಾದರೂ ಒಂದು ಪುಸ್ತಕ ಕೊಟ್ಟು, ಆಮೇಲೆ ನೆಮ್ಮದಿಯಾಗಿ ಊಟ ಮಾಡಿದ ದಿನ ನನ್ನ ನೆನಪಿನಲ್ಲಿಲ್ಲ. ಪ್ರತಿ ಸಲ ಏನಾದರೊಂದು ಆಗಿಯೇ ಆಗುತ್ತದೆ.

ನಾನು ಕೊಳ್ಳೇಗಾಲದಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ತುಂಬ ನಂಬಿಕೆ, ಪ್ರಾರ್ಥನೆ, ಸೇವೆ, ಸಂಸಾರ ಇವುಗಳ ಮೇಲಿನ ಪುಸ್ತಕಗಳು. ಹನೂರು, ಯಳಂದೂರು ಕಡೆಯ ವಿಶ್ವಾಸಿಗಳಿಗೂ ಅದೊಂದೇ ಬೀರು. ಯಾರಿಗೆ ಯಾವುದು ಹೊಂದುತ್ತದೋ ನೋಡಿ ಕೊಡುವುದು ನನ್ನ ಕೆಲಸ. ಕಷ್ಟ ಏನೆಂದರೆ, ನಮ್ಮ ಕಡೆ ಆತ್ಮಿಕ ಪುಸ್ತಕ ಕೊಟ್ಟರೆ ಅದನ್ನು ಯಾರೂ ಪುಸ್ತಕ ಅಂತ ತೆಗೆದುಕೊಳ್ಳುವುದಿಲ್ಲ. ಈ ಮೇಷ್ಟ್ರು ನಮ್ಮಲ್ಲೇನೋ ಕುಂದು ಕಂಡಿದ್ದಾರೆ ಅಂತಲೇ ತೆಗೆದುಕೊಳ್ಳುತ್ತಾರೆ.

ಹೀಗೆ ಎರಡು ಸಲ ಮಾತು ಬಂದ ಮೇಲೆ ಪಾಸ್ಟರ್ ನನ್ನನ್ನು ಕರೆದು ಹೇಳಿದರು: "ಮೇಷ್ಟ್ರೇ, ಇನ್ನೊಂದು ದೂರು ನನ್ನ ಕಿವಿಗೆ ಬಿದ್ದರೆ ಬೀಗದ ಕೈ ವಾಪಸ್ ಕೊಟ್ಟುಬಿಡಿ. ಬೀರುವಿನಲ್ಲಿ ಮೈಕ್ ಸೆಟ್ ಇಡೋಣ."

ಮೇಲೆ ನಕ್ಕೆ. ಒಳಗೆ ಹೆದರಿದೆ. ನಿವೃತ್ತಿಯಾದ ಮೇಲೆ ಯಾರಾದರೂ ನನ್ನನ್ನು ಹುಡುಕಿಕೊಂಡು ಬರುವುದಿದ್ದರೆ ಅದು ಆ ಬೀಗದ ಕೈಯ ದೆಸೆಯಿಂದ ಮಾತ್ರ.

ದಪ್ಪ ಅಕ್ಷರ

ಕಾಮಗೆರೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟ ನಡೆಸುವ ಒಬ್ಬ ಅಮ್ಮ ಇದ್ದಾರೆ. ವಯಸ್ಸಾಗಿದೆ, ಕನ್ನಡಕ ಹಾಕಿದರೂ ಓದುವುದು ಕಷ್ಟ. ಪಾಪ ಅಂತ ಇಡೀ ಬೀರು ಜಾಲಾಡಿ, ದಪ್ಪ ಅಕ್ಷರದಲ್ಲಿ ಅಚ್ಚಾದ ಒಂದೇ ಒಂದು ಪುಸ್ತಕ ಹುಡುಕಿ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದೆ. ಅದು ಯಾವುದರ ಮೇಲೆ ಅಂತ ನೋಡುವ ಬುದ್ಧಿ ನನಗೆ ಬರಲಿಲ್ಲ. ನಾಲಿಗೆಯನ್ನು ಹತೋಟಿಯಲ್ಲಿಡುವುದರ ಮೇಲೆ.

ಮಾರನೇ ದಿನ ಬೆಳಗ್ಗೆಯೇ ಫೋನ್.

"ಮೇಷ್ಟ್ರೇ, ನಿಜ ಏಳ್ಬುಡಿ. ನಿಮ್ತಾವ ಬಂದು ಏಳ್ದೋಳು ನನ್ ಓರಗಿತ್ತಿ ತಾನೆ?"

"ಅಯ್ಯೋ ಅಮ್ಮ, ಯಾರೂ ಏನೂ ಹೇಳಿಲ್ಲ. ಅಕ್ಷರ ದಪ್ಪ ಇತ್ತು, ಅದಕ್ಕೇ ಕೊಟ್ಟೆ."

ಅಮ್ಮ ಕೇಳಿದರು: "ಅಂಗಾರೆ ನಂಗೆ ಕಣ್ಣು ಕಾಣಕ್ಕಿಲ್ಲ ಅಂತ್ಲೂ ಏಳವ್ಳಾ ಅವ್ಳು?"

ಎರಡನೇ ಪುಟ

ಲೊಕ್ಕನಹಳ್ಳಿಯ ರೈತನೊಬ್ಬ ಹಂದಿ ಕಾಟಕ್ಕೆ ಹೊಲ ಕಾಯುತ್ತಾನೆ. "ಕಾವಲು ಕೂತಾಗ ಎಚ್ಚರವಾಗಿರಂಗೆ ಒಂದ್ ಒಳ್ಳೆ ಪುಸ್ತಕ ಕೊಡಿ ಸಾ," ಅಂದ. ಎಚ್ಚರವಾಗಿದ್ದು ಪ್ರಾರ್ಥಿಸುವುದರ ಮೇಲೆ ಒಂದು ದಪ್ಪ ಪುಸ್ತಕ ಕೊಟ್ಟೆ. ಹದಿನೈದು ದಿನ ಕಳೆದು ಹನೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ.

"ಹೇಗಿತ್ತಪ್ಪ ಪುಸ್ತಕ?"

"ಎರಡ್ನೇ ಪುಟಕ್ಕೇ ಕಣ್ ಮುಚ್ಕತ್ತು ಸಾ. ಎದ್ ನೋಡ್ತೀನಿ, ಅರ್ಧ ಜೋಳ ಹಂದಿ ತಿಂದ್ಬುಟ್ಟವೆ."

ಬೀಗದ ಕೈ ಹೋಯಿತು ಅಂದುಕೊಂಡೆ. "ಪಾಸ್ಟರಿಗೆ ಹೇಳಿದೆಯಾ?" ಅಂತ ಮೆಲ್ಲಗೆ ಕೇಳಿದೆ.

"ಅವ್ರಿಗ್ಯಾಕೆ ಸಾ? ನಮ್ಮವ್ವಂಗೆ ಆರ್ ತಿಂಗ್ಳಿಂದ ನಿದ್ದೆ ಇಲ್ಲ. ಅಂತದ್ದೇ ಇನ್ನೊಂದ್ ಇದ್ರೆ ಕೊಡಿ."

ಮೂರು ಭಾನುವಾರ

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಓದಿ, ಈ ಮದುವೆಗೆ ಯಾರದ್ದಾದರೂ ಆಕ್ಷೇಪಣೆ ಇದ್ದರೆ ತಿಳಿಸಿ ಅನ್ನುತ್ತಾರೆ. ಯಳಂದೂರಿನ ಒಂದು ಹುಡುಗಿಯ ಹೆಸರು ಮೊದಲ ಭಾನುವಾರ ಓದಿದರು. ನನ್ನ ಕೈ ಸುಮ್ಮನಿರಬೇಕಲ್ಲ. ಸಂಸಾರದ ಮೇಲೆ ಬೀರುವಿನಲ್ಲಿ ಉಳಿದಿದ್ದ ಒಂದೇ ಪುಸ್ತಕವನ್ನು ಹುಡುಗಿಗೆ ಕೊಟ್ಟುಬಿಟ್ಟೆ. ಮುಂಗೋಪಿ ಗಂಡನ ಜೊತೆ ಸಮಾಧಾನದಿಂದ ಬಾಳುವುದು ಹೇಗೆ ಅನ್ನುವುದು ಅದರ ವಿಷಯ.

ಸಂಜೆಯೊಳಗೆ ಹುಡುಗಿಯ ಅಪ್ಪ ನಮ್ಮ ಜಗುಲಿಯ ಮೇಲಿದ್ದರು. ಹಿಂದೆ ಅವರ ಹೆಂಡತಿ.

"ಹುಡುಗ ಯಾರ್ಗೆ ಹೊಡ್ದವ್ನೆ? ಎಲ್ಲಿ? ಬಾಯ್ಬುಟ್ಟು ಏಳಕ್ಕಾಗ್ದೆ ಪುಸ್ತಕದಲ್ಲಿ ಆಕ್ಷೇಪಣೆ ಕಳಿಸಿದ್ದೀರಾ? ಇವತ್ತೇ ಮದುವೆ ನಿಲ್ಲಿಸ್ತೀನಿ," ಅಂತ ಮೇಜು ಗುದ್ದಿದರು. ಮೇಜಿನ ಮೇಲಿದ್ದ ಕಾಫಿ ಲೋಟ ಉರುಳಿತು.

ನನಗೆ ಬೀಗದ ಕೈಯ ಚಿಂತೆಯೂ ಮರೆತುಹೋಯಿತು. ನನ್ನ ಅವಿವೇಕಕ್ಕೆ ಒಂದು ಮದುವೆ ಮುರಿದರೆ ನಾನು ಯಾವ ಮುಖ ಇಟ್ಟುಕೊಂಡು ಚರ್ಚಿಗೆ ಹೋಗಲಿ? ಹುಡುಗನ ಬಗ್ಗೆ ನನಗೇನೂ ಗೊತ್ತಿಲ್ಲ, ಇದ್ದದ್ದು ಇದೊಂದೇ ಪುಸ್ತಕ ಅಂತ ಕೈಮುಗಿದು ಬೇಡಿಕೊಂಡೆ.

ಅವರ ಹೆಂಡತಿ ಚೆಲ್ಲಿದ ಕಾಫಿಯನ್ನು ಒರೆಸುತ್ತ ಕೇಳಿದರು: "ಮೇಷ್ಟ್ರೇ, ಇಪ್ಪತ್ತೈದ್ ವರ್ಸದ ಹಿಂದೆ ನಂಗ್ಯಾಕೆ ಕೊಡ್ನಿಲ್ಲ ಈ ಪುಸ್ತಕವ?"

ಮದುವೆ ನಡೆಯಿತು.

ಚಿಕ್ಕ ಪುಸ್ತಕ

ಇಷ್ಟೆಲ್ಲ ಆದ ಮೇಲೆ ಒಂದು ಸೋಮವಾರ ಪಾಸ್ಟರೇ ಬೀರುವಿನ ಮುಂದೆ ಬಂದು ನಿಂತರು. "ಎಲ್ಲರಿಗೂ ಕೊಡ್ತೀರಿ ಮೇಷ್ಟ್ರೇ. ನನ್ನ ಸೇವೆಗೆ ಉಪಯೋಗ ಆಗೋದು ಯಾವುದು ಹೇಳಿ ನೋಡೋಣ."

ದೀನತೆಯ ಮೇಲಿನದನ್ನು ಕೊಟ್ಟರೆ ಅಹಂಕಾರಿ ಅಂದ ಹಾಗೆ. ತಾಳ್ಮೆಯದು ಕೊಟ್ಟರೆ ಸಿಡುಕ ಅಂದ ಹಾಗೆ. ರೋಗಿಗಳನ್ನು ಭೇಟಿ ಮಾಡುವುದರ ಮೇಲೆ ಒಂದು ನಿರಪಾಯದ ಪುಸ್ತಕಕ್ಕೆ ಕೈಹಾಕುವಷ್ಟರಲ್ಲಿ ಅವರೇ ಪಕ್ಕದ ತೆಳ್ಳನೆಯದನ್ನು ಎಳೆದುಕೊಂಡರು. "ಇದು ಚಿಕ್ಕದಾಗಿದೆ, ಬೇಗ ಮುಗಿಯುತ್ತೆ."

ಅದು ಪ್ರಸಂಗವನ್ನು, ಅಂದರೆ ಭಾನುವಾರದ ಉಪದೇಶವನ್ನು, ಚುಟುಕಾಗಿ ಮುಗಿಸುವುದರ ಮೇಲಿನ ಪುಸ್ತಕ. ನಮ್ಮ ಪಾಸ್ಟರ್ ಒಳ್ಳೆಯವರು, ಆದರೆ ಪ್ರಸಂಗಕ್ಕೆ ನಿಂತರೆ ಹನೂರಿನ ಕಡೆಯವರಿಗೆ ಎರಡು ಬಸ್ ತಪ್ಪಿಹೋಗುತ್ತವೆ. ಅದನ್ನು ಅವರಿಗೆ ಹೇಳುವ ಧೈರ್ಯ ಇಷ್ಟು ವರ್ಷದಲ್ಲಿ ಯಾರಿಗೂ ಬಂದಿಲ್ಲ. ಈಗ ನಾನು ಹೇಳಿದ ಹಾಗಾಯಿತಲ್ಲ.

ಆ ವಾರ ನಾನು ಅರ್ಧ ಆಳಾದೆ. ಭಾನುವಾರ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಕೇಳುವ ಮೊದಲೇ ಕೊಟ್ಟುಬಿಡೋಣ ಅಂತ ಗಟ್ಟಿ ಮನಸ್ಸು ಮಾಡಿ ಹೋದೆ. ಪಾಸ್ಟರ್ ಅದೇ ಪುಸ್ತಕ ಹಿಡಿದು ಮೈಕಿನ ಮುಂದೆ ನಿಂತರು. ನಾನು ಕಣ್ಣು ಮುಚ್ಚಿಕೊಂಡೆ.

"ನಮ್ಮ ಮೇಷ್ಟ್ರ ಬೀರುವಿನಿಂದ ಸಿಕ್ಕಿದ ಈ ಪುಸ್ತಕ ನನ್ನ ಕಣ್ಣು ತೆರೆಸಿತು," ಅಂದರು. "ಮಾತು ಕಡಿಮೆ ಇದ್ದಷ್ಟೂ ಮನಸ್ಸಿಗೆ ನಾಟುತ್ತದೆ. ಅದಕ್ಕೆ ಇದರಲ್ಲಿ ಹದಿನಾಲ್ಕು ಕಾರಣ ಕೊಟ್ಟಿದ್ದಾರೆ. ಇವತ್ತು ಒಂದೊಂದಾಗಿ ನೋಡೋಣ."

ನೋಡಿದೆವು. ಒಂಬತ್ತನೆಯ ಕಾರಣದ ಹೊತ್ತಿಗೆ ಮೂರನೇ ಬಸ್ಸೂ ಹೋಗಿತ್ತು.

ಎಲ್ಲ ಮುಗಿದ ಮೇಲೆ ಪಾಸ್ಟರ್ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. "ಬೀಗದ ಕೈ ನಿಮ್ಮ ಹತ್ತಿರವೇ ಇರಲಿ ಮೇಷ್ಟ್ರೇ. ಮುಂದಿನ ವಾರಕ್ಕೆ ಇದಕ್ಕಿಂತ ದಪ್ಪದ್ದು ಒಂದು ಕೊಡಿ."

ಹೋದ ಜೀವ ಬಂದ ಹಾಗಾಯಿತು. ಆದರೆ ಮೆಟ್ಟಿಲ ಕೆಳಗೆ ಚಪ್ಪಲಿ ಹುಡುಕುತ್ತಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಪಾಸ್ಟರ್ ಆ ಕಡೆ ತಿರುಗಿದ ತಕ್ಷಣ ಹನೂರಿನವನೊಬ್ಬ ನನ್ನ ಕಿವಿಯ ಹತ್ತಿರ ಬಂದ.

"ಆ ಬೀಗದ್ ಕೈ ಕಳ್ದೋಯ್ತು ಅನ್ಬುಡಿ ಸಾ."